ನಳಿಗೆಯ ರಂಧ್ರವೂ ಕೈಬಂದೂಕಿನ ಒದೆತವೂ

ವಿಜ್ಞಾನದ ಪಾಠ ಶಾಲೆಯ ಗಂಟೆಯೊಡನೆ ಮುಗಿಯುವುದಿಲ್ಲವೆಂಬುದನ್ನು ಅಧ್ಯಾಪಕನಿಗೆ ಆಗಾಗ ನೆನಪಿಸಿಕೊಡುವವರು ಹಳೆಯ ವಿದ್ಯಾರ್ಥಿಗಳೇ. ಕೆಲವು ವರ್ಷಗಳ ಹಿಂದಿನ ಒಂದು ದಸರೆಯ ರಜೆಯಲ್ಲಿ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. ಇಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ, ಟೂಲ್ ಅಂಡ್ ಡೈ ಡಿಪ್ಲೊಮಾ ಪಡೆದು, ಪೀಣ್ಯದ ಎರಡನೆಯ ಹಂತದಲ್ಲಿರುವ ಒಂದು ಸಣ್ಣ ಟೂಲ್ ರೂಮಿನಲ್ಲಿ ಅವಳು ಕೆಲಸದಲ್ಲಿದ್ದಳು. ಕೆಲಸದ ಜೊತೆಗೆ ಮೂರು ವರ್ಷಗಳಿಂದ ಪಿಸ್ತೂಲಿನ ಗುರಿಕ್ರೀಡೆಯನ್ನು ಅಭ್ಯಾಸ ಮಾಡುತ್ತಿದ್ದಳು. ತಾಯಿಯ ಒಡವೆಯನ್ನು ಅಡವಿಟ್ಟು, ಪರವಾನಗಿಗಾಗಿ ಒಂದು ವರ್ಷ ಅಲೆದು, .22 ಬೋರಿನ ಪಿಸ್ತೂಲೊಂದನ್ನು ಕೊಂಡಿದ್ದಳು. ರಾಜ್ಯಮಟ್ಟದ ಸ್ಪರ್ಧೆಗೆ ಎರಡು ತಿಂಗಳಿತ್ತು. ಅಂಕಗಳು ಮಾತ್ರ ಏರುತ್ತಿರಲಿಲ್ಲ.

ಅವಳ ಪ್ರಶ್ನೆ ಇದು: “ಸಾರ್, ನಳಿಗೆಯ ಮೂತಿಯ ಹತ್ತಿರ ಮೇಲ್ಗಡೆ ನಾಲ್ಕು ರಂಧ್ರ ತೆಗೆದರೆ ಒದೆತ ಅರ್ಧಕ್ಕೆ ಇಳಿಯುತ್ತದಂತೆ. ಅದಕ್ಕೆ ಪೋರ್ಟಿಂಗ್ ಅಂತಾರೆ. ನಮ್ಮ ಶಾಪಿನಲ್ಲೇ ಸ್ಪಾರ್ಕ್ ಯಂತ್ರ ಇದೆ, ಒಂದು ಭಾನುವಾರ ಸಾಕು. ಮಾಡಲಾ?”

ಮರೆಮಾಚದೆ ಹೇಳುವುದಾದರೆ, ಆ ಕ್ಷಣದಲ್ಲಿ ನನ್ನ ನಾಲಗೆಯ ತುದಿಯಲ್ಲಿದ್ದುದು “ಮಾಡಬಹುದಮ್ಮ” ಎಂಬ ಉತ್ತರವೇ. ಮೂವತ್ತು ವರ್ಷ ನ್ಯೂಟನ್ನನ ಮೂರನೆಯ ನಿಯಮವನ್ನು ಬೋಧಿಸಿದವನಿಗೆ ಅನಿಲ ಮೇಲಕ್ಕೆ ಹಾರಿದರೆ ನಳಿಗೆ ಕೆಳಕ್ಕೆ ಒತ್ತಲ್ಪಡುವುದೆಂಬುದು ತಟ್ಟನೆ ಹೊಳೆಯುತ್ತದೆ. ಆದರೆ ನಿಯಮ ಸರಿಯಾಗಿರುವುದು ಬೇರೆ, ಅದರಿಂದ ದೊರೆಯುವ ಫಲದ ಪ್ರಮಾಣ ಬೇರೆ. ಲೆಕ್ಕ ಹಾಕದೆ ಹೇಳಲಾರೆನೆಂದು ಒಂದು ವಾರದ ಅವಧಿ ಕೇಳಿದೆ. ಆ ವಾರದಲ್ಲಿ ನಾನು ಓದಿ, ಗುಣಿಸಿ, ವಿಚಾರಿಸಿ ತಿಳಿದುದನ್ನು ಇಲ್ಲಿ ಬರೆದಿದ್ದೇನೆ. ಒಂಬತ್ತು, ಹತ್ತನೆಯ ತರಗತಿಗಳಿಗೆ ಸಂವೇಗದ ಪಾಠ ಮಾಡುವ ಅಧ್ಯಾಪಕ ಮಿತ್ರರಿಗೂ ಇದು ಉಪಯೋಗವಾದೀತು.

ಬಂದೂಕು ಹಾರಿದಾಗ ಹಿಂದಕ್ಕೆ ಬರುವ ನೂಕನ್ನು ಪಠ್ಯಪುಸ್ತಕಗಳು ಹಿಮ್ಮೆಟ್ಟುವಿಕೆ ಎಂದು ಕರೆಯುತ್ತವೆ. ಬಂದೂಕು ಹಿಡಿದವರು ಒದೆತವೆನ್ನುತ್ತಾರೆ. ನಾನೂ ಹಾಗೆಯೇ ಬರೆಯುತ್ತೇನೆ. ಕೊಡಗಿನಲ್ಲಿ ಕೈಲ್ ಮುಹೂರ್ತದ ದಿನ ತೆಂಗಿನಕಾಯಿಗೆ ಗುರಿಯಿಟ್ಟು ಕೋವಿ ಹಾರಿಸುವವರಿಗೆ ಈ ಒದೆತ ಭುಜದ ಅನುಭವ. ಕೋವಿಯ ಹಿಡಿಯನ್ನು ಭುಜಕ್ಕೆ ಒತ್ತಿಕೊಂಡಿರುವುದರಿಂದ ನೂಕು ದೇಹದ ಭಾರಕ್ಕೆಲ್ಲ ಹಂಚಿಹೋಗುತ್ತದೆ. ಪಿಸ್ತೂಲಿಗೆ ಭುಜದ ಆಸರೆಯಿಲ್ಲ. ಚಾಚಿದ ಒಂದು ಕೈಯ ಮಣಿಕಟ್ಟೇ ಎಲ್ಲವನ್ನೂ ತಾಳಬೇಕು. ಅಲ್ಲದೆ ನಳಿಗೆಯು ಕೈಮುಷ್ಟಿಗಿಂತ ಮೇಲಿರುವುದರಿಂದ ನೂಕು ನೇರವಾಗಿ ಹಿಂದಕ್ಕೆ ಹೋಗದೆ ಮೂತಿಯನ್ನು ಮೇಲಕ್ಕೆ ಎತ್ತುತ್ತದೆ. ಹಿಂದಕ್ಕೆ ಬರುವ ನೂಕು, ಮೇಲಕ್ಕೇಳುವ ಮೂತಿ ಎಂಬ ಈ ಎರಡನ್ನೂ ಜನರು ಒದೆತವೆಂಬ ಒಂದೇ ಹೆಸರಿನಿಂದ ಕರೆಯುವುದರಿಂದಲೇ ರಂಧ್ರದ ವಿಷಯದಲ್ಲಿ ಅರ್ಧ ಗೊಂದಲ ಹುಟ್ಟುತ್ತದೆ.

ಒದೆತಕ್ಕೆ ಕಾರಣವಾದ ವಸ್ತುಗಳೂ ಎರಡು. ಗುಂಡು ಮುಂದಕ್ಕೆ ಹೋಗುತ್ತದೆ. ಗುಂಡಿನ ಬೆನ್ನಿಗೇ ಉರಿದ ಮದ್ದಿನ ಅನಿಲವೂ ಮುಂದಕ್ಕೆ ನುಗ್ಗುತ್ತದೆ. ಎರಡರ ಸಂವೇಗಗಳ ಮೊತ್ತದಷ್ಟೇ ಸಂವೇಗ ಪಿಸ್ತೂಲಿಗೆ ಹಿಮ್ಮುಖವಾಗಿ ದೊರೆಯುತ್ತದೆ. ಇಲ್ಲಿಯೇ ನಮ್ಮ ಪ್ರಶ್ನೆಯ ಕೀಲಿ ಇದೆ. ನಳಿಗೆಯ ರಂಧ್ರ ಅನಿಲವನ್ನು ಮಾತ್ರ ಬೇರೆ ದಿಕ್ಕಿಗೆ ತಿರುಗಿಸಬಲ್ಲದು. ಗುಂಡಿನ ಪಾಲಿನ ಒದೆತವನ್ನು ಅದು ಮುಟ್ಟಲಾರದು. ಆದುದರಿಂದ ಒಟ್ಟು ಒದೆತದಲ್ಲಿ ಅನಿಲದ ಪಾಲು ಎಷ್ಟೆಂದು ತಿಳಿಯದೆ ರಂಧ್ರದ ಪ್ರಯೋಜನವನ್ನು ನಿರ್ಣಯಿಸುವುದು ವ್ಯರ್ಥ.

ಅನಿಲದ ವೇಗವನ್ನು ಅಳೆಯುವುದು ಸುಲಭವಲ್ಲ. ಆದರೆ ಅಮೆರಿಕದ ಬಂದೂಕು ತಯಾರಕರ ಸಂಸ್ಥೆ ಬಳಸುವ ಒಂದು ಸ್ಥೂಲ ಸೂತ್ರವಿದೆ: ಪಿಸ್ತೂಲುಗಳಲ್ಲಿ ಅನಿಲದ ಪರಿಣಾಮಕಾರಿ ವೇಗವನ್ನು ಗುಂಡಿನ ವೇಗದ ಒಂದೂವರೆ ಪಟ್ಟು ಎಂದೂ, ಬಲವಾದ ರೈಫಲುಗಳಲ್ಲಿ 1.75 ಪಟ್ಟು ಎಂದೂ ತೆಗೆದುಕೊಳ್ಳಬೇಕು. ನಮ್ಮ ಲೆಕ್ಕಕ್ಕೆ ಇಷ್ಟು ಸಾಕು.

ಮೊದಲು ನಮ್ಮ ವಿದ್ಯಾರ್ಥಿನಿಯ .22 ಪಿಸ್ತೂಲನ್ನೇ ನೋಡೋಣ. ಗುಂಡಿನ ತೂಕ 2.6 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 290 ಮೀಟರ್. ಸಂವೇಗ 754 ಗ್ರಾಂ-ಮೀಟರ್. ಮದ್ದು ಸುಮಾರು 0.08 ಗ್ರಾಂ, ಅದರ ವೇಗ 435 ಮೀಟರ್, ಸಂವೇಗ 35. ಒಟ್ಟು 789ರಲ್ಲಿ ಅನಿಲದ ಪಾಲು ನೂರಕ್ಕೆ ನಾಲ್ಕೂವರೆಯನ್ನೂ ಮುಟ್ಟುವುದಿಲ್ಲ. ಪಿಸ್ತೂಲಿನ ತೂಕ 1.1 ಕಿಲೋಗ್ರಾಂ ಎಂದಿಟ್ಟುಕೊಂಡರೆ ಅದು ಹಿಂದಕ್ಕೆ ಚಲಿಸುವ ವೇಗ ಸೆಕೆಂಡಿಗೆ 0.72 ಮೀಟರ್, ಶಕ್ತಿ ಸುಮಾರು 0.28 ಜೂಲ್. ನೂರು ಗ್ರಾಮಿನ ತೂಕದ ಬಟ್ಟೊಂದು ಒಂದಡಿ ಎತ್ತರದಿಂದ ಅಂಗೈ ಮೇಲೆ ಬಿದ್ದರೆ ಎಷ್ಟೋ ಅಷ್ಟು.

ಇನ್ನು ರಂಧ್ರ ಕೊರೆಯೋಣ. ಅನಿಲದಲ್ಲಿ ಅರ್ಧ ಭಾಗ ರಂಧ್ರಗಳ ಮೂಲಕ ಮೇಲಕ್ಕೆ ಹೋಯಿತೆಂದು ಬಹಳ ಉದಾರವಾಗಿಯೇ ಒಪ್ಪಿಕೊಳ್ಳೋಣ. ಹಿಂದಕ್ಕೆ ಬರುವ ನೂಕಿನಲ್ಲಿ ಕಡಿಮೆಯಾಗುವುದು 17 ಅಥವಾ 18, ಎಂದರೆ ನೂರಕ್ಕೆ ಎರಡು ಚಿಲ್ಲರೆ. “ಅರ್ಧಕ್ಕೆ ಇಳಿಯುತ್ತದಂತೆ” ಎಂಬ ಮಾತಿಗೂ ಈ ಅಂಕಿಗೂ ಇರುವ ಅಂತರವನ್ನು ಓದುಗರು ಗಮನಿಸಬೇಕು.

ಸೈನ್ಯ ಮತ್ತು ಪೊಲೀಸರು ಬಳಸುವ, ನಾಗರಿಕರಿಗೆ ನಮ್ಮ ದೇಶದಲ್ಲಿ ನಿಷಿದ್ಧವಾದ 9 ಮಿ.ಮೀ. ಪಿಸ್ತೂಲಿನ ಲೆಕ್ಕವನ್ನೂ ಮಾಡಿದೆ. 8 ಗ್ರಾಂ ಗುಂಡು, 350 ಮೀಟರ್ ವೇಗ, 0.4 ಗ್ರಾಂ ಮದ್ದು: ಗುಂಡಿನ ಪಾಲು 2800, ಅನಿಲದ ಪಾಲು 210. ನೂರಕ್ಕೆ ಏಳು. 900 ಗ್ರಾಂ ತೂಕದ ಪಿಸ್ತೂಲಿಗೆ ಒದೆತದ ಶಕ್ತಿ ಸುಮಾರು 5 ಜೂಲ್; .22ರ ಹದಿನೆಂಟು ಪಟ್ಟು. ಇಲ್ಲಿ ಒದೆತ ನಿಜವಾದ ಒದೆತವೇ, ಆದರೂ ಅನಿಲದ ಪಾಲು ಚಿಕ್ಕದೇ.

ಹಾಗಾದರೆ ಈ ಉಪಾಯಕ್ಕೆ ಇಷ್ಟೊಂದು ಹೆಸರು ಬಂದುದು ಎಲ್ಲಿಂದ? ದೊಡ್ಡ ಬಂದೂಕುಗಳಿಂದ. ನಮ್ಮ ಎಲೆಕ್ಟ್ರಾನಿಕ್ ಸಿಟಿಯ ನೆರೆಯ ಜಿಗಣಿಯಲ್ಲಿ ಎಸ್.ಎಸ್.ಎಸ್. ಡಿಫೆನ್ಸ್ ಎಂಬ ಸಂಸ್ಥೆ ಸೈನಿಕ ರೈಫಲುಗಳನ್ನು ತಯಾರಿಸುತ್ತದೆ. ಬೆಂಗಳೂರಿನಲ್ಲಿ ಬಹುಕಾಲದಿಂದ ಸ್ಪ್ರಿಂಗುಗಳಿಗೆ ಹೆಸರಾದ ಸ್ಟಂಪ್, ಶುಯೆಲೆ ಅಂಡ್ ಸೋಮಪ್ಪ ಬಳಗದಿಂದ ಹುಟ್ಟಿದ ಸಂಸ್ಥೆಯಿದು. ವಾಹನಗಳಿಗೆ ಸ್ಪ್ರಿಂಗು ಮಾಡುತ್ತಿದ್ದ ಕೈಗಳು ರೈಫಲಿಗೆ ಇಳಿದುದು ಬೆಂಗಳೂರಿನ ಕೈಗಾರಿಕಾ ಚರಿತ್ರೆಯಲ್ಲಿ ಗಮನಾರ್ಹ ಸಂಗತಿ. ಅಲ್ಲಿ ವಿನ್ಯಾಸಗೊಂಡ ‘ಸೇಬರ್’ ಎಂಬ ದೂರಗಾಮಿ ರೈಫಲಿನ ತೋಟಾ .338 ಲಪುವಾ ಮ್ಯಾಗ್ನಮ್. ಈ ತೋಟಾದಲ್ಲಿ ಗುಂಡು ಸುಮಾರು 16 ಗ್ರಾಂ ತೂಗಿದರೆ ಮದ್ದೇ ಸುಮಾರು 6 ಗ್ರಾಂ ಇರುತ್ತದೆ. ಗುಂಡಿನ ವೇಗ 900 ಮೀಟರಿನಷ್ಟು. ಮೇಲಿನ ಸೂತ್ರವನ್ನೇ ಅನ್ವಯಿಸಿದರೆ ಒಟ್ಟು ಒದೆತದಲ್ಲಿ ಅನಿಲದ ಪಾಲು ನೂರಕ್ಕೆ ಸುಮಾರು ನಲವತ್ತು! ಇಂಥ ರೈಫಲಿನ ಮೂತಿಗೆ ಅನಿಲವನ್ನು ಪಕ್ಕಕ್ಕೂ ಹಿಂದಕ್ಕೂ ತಿರುಗಿಸುವ ಮೂತಿತಡೆಯನ್ನು ಜೋಡಿಸುವುದು ವಿಲಾಸವಲ್ಲ, ಅವಶ್ಯಕತೆ. 1999ರ ಕಾರ್ಗಿಲ್ ಯುದ್ಧದ ದೃಶ್ಯಗಳನ್ನು ದೂರದರ್ಶನದಲ್ಲಿ ಕಂಡವರಿಗೆ ಬೋಫೋರ್ಸ್ ಫಿರಂಗಿಯ ಮೂತಿಯಲ್ಲಿ ಸಾಲುಸಾಲಾಗಿ ರಂಧ್ರಗಳಿದ್ದುದು ನೆನಪಿರಬಹುದು. ಅದೂ ಇದೇ ತತ್ತ್ವ.

ಮದ್ದಿನ ತೂಕವನ್ನು ಗುಂಡಿನ ತೂಕದಿಂದ ಭಾಗಿಸಿ ನೋಡಿ. .338ರಲ್ಲಿ ಅದು ನೂರಕ್ಕೆ 37, 9 ಮಿ.ಮೀ.ನಲ್ಲಿ 5, .22ರಲ್ಲಿ 3. ರಂಧ್ರದ ಪ್ರಯೋಜನ ಬಹುಮಟ್ಟಿಗೆ ಈ ಒಂದು ಭಾಗಲಬ್ಧವನ್ನೇ ಅವಲಂಬಿಸಿದೆ. ಫಿರಂಗಿಗೆ ಸಲ್ಲುವ ಮಾತು ಪಿಸ್ತೂಲಿಗೆ ಸಲ್ಲದಿರುವುದಕ್ಕೆ ಕಾರಣ ಇದೇ ಹೊರತು ಕೊರೆಯುವವನ ಕೌಶಲದ ಕೊರತೆಯಲ್ಲ.

ಹೀಗೆಂದು ಕೈಬಂದೂಕಿನ ರಂಧ್ರ ಪೂರ್ತಿ ನಿಷ್ಪ್ರಯೋಜಕವೆಂದರೆ ಅನ್ಯಾಯವಾದೀತು. ಮೂತಿಯ ಏರಿಕೆಯ ವಿಷಯದಲ್ಲಿ ಅದಕ್ಕೆ ಸನ್ನೆಗೋಲಿನ ಅನುಕೂಲವಿದೆ. ನಳಿಗೆಯ ನಡುರೇಖೆ ಮುಷ್ಟಿಯ ತಿರುಗುಬಿಂದುವಿಗಿಂತ 3 ಸೆಂಟಿಮೀಟರ್ ಮೇಲಿದೆಯೆಂದುಕೊಂಡರೆ ಒದೆತವು ಮೂತಿಯನ್ನು ಎತ್ತುವುದು ಈ 3 ಸೆಂಟಿಮೀಟರಿನ ತೋಳಿನಿಂದ. ರಂಧ್ರದಿಂದ ಚಿಮ್ಮಿದ ಅನಿಲ ಮೂತಿಯನ್ನು ಅದುಮುವುದಾದರೋ 15 ಸೆಂಟಿಮೀಟರ್ ಮುಂದಿನಿಂದ. ಐದು ಪಟ್ಟು ಉದ್ದದ ತೋಳು. ಆದಕಾರಣ ಹಿಂದಕ್ಕೆ ಬರುವ ನೂಕಿನಲ್ಲಿ ನೂರಕ್ಕೆ ಎರಡೇ ಉಳಿತಾಯವಾದರೂ ಮೂತಿಯ ಏರಿಕೆಯಲ್ಲಿ ನೂರಕ್ಕೆ ಹತ್ತು ಹನ್ನೊಂದರವರೆಗೆ ಉಳಿತಾಯ ಕಾಣಬಹುದು. ಅದೂ ಅರ್ಧ ಅನಿಲ ಮೇಲಕ್ಕೆ ಹೋಯಿತೆಂಬ ನಮ್ಮ ಉದಾರ ಊಹೆಯ ಮೇಲೆ. ನಳಿಗೆಯನ್ನೇ ಮುಷ್ಟಿಯ ಸಮೀಪಕ್ಕೆ ಒಂದು ಸೆಂಟಿಮೀಟರ್ ಇಳಿಸಿದರೆ ಆ ಏರಿಕೆ ನೂರಕ್ಕೆ ಮೂವತ್ತಮೂರು ಕಡಿಮೆಯಾಗುತ್ತದೆ. ಇಂದಿನ ಸ್ಪರ್ಧಾ ಪಿಸ್ತೂಲುಗಳಲ್ಲಿ ನಳಿಗೆಯನ್ನು ಮುಷ್ಟಿಗೆ ಆದಷ್ಟು ಹತ್ತಿರ ತಂದು ಕೂರಿಸುವುದರ ಗುಟ್ಟು ಇದು. ನಮ್ಮ ವಿದ್ಯಾರ್ಥಿನಿಯ ಪಿಸ್ತೂಲಿನಲ್ಲಿ ತಯಾರಕರೇ ಆ ಕೆಲಸ ಮಾಡಿಟ್ಟಿದ್ದರು. ಆಕೆ ಅದನ್ನು ಗಮನಿಸಿರಲಿಲ್ಲ, ಅಷ್ಟೆ.

ಪಿಸ್ತೂಲಿನಲ್ಲಿ ರಂಧ್ರ ನಿಜಕ್ಕೂ ಫಲ ಕೊಡುವ ಒಂದು ಕ್ಷೇತ್ರವುಂಟು. 1976ರಲ್ಲಿ ಅಮೆರಿಕದ ಕೊಲಂಬಿಯಾ ನಗರದಲ್ಲಿ ಸ್ಥಾಪಿತವಾದ ಅಂತಾರಾಷ್ಟ್ರೀಯ ಪ್ರಾಯೋಗಿಕ ಶೂಟಿಂಗ್ ಒಕ್ಕೂಟದ ‘ಓಪನ್’ ವಿಭಾಗದಲ್ಲಿ ಸ್ಪರ್ಧಿಗಳು ಹಗುರವಾದ ಗುಂಡಿಗೆ ನಿಧಾನವಾಗಿ ಉರಿಯುವ ಮದ್ದನ್ನು ಹೆಚ್ಚಾಗಿ ತುಂಬುತ್ತಾರೆ. ಗುಂಡನ್ನು ಅಟ್ಟಲು ಬೇಕಾದುದಕ್ಕಿಂತ ಹೆಚ್ಚು ಅನಿಲವನ್ನು ಬೇಕೆಂದೇ ಉಂಟುಮಾಡಿ, ಅದನ್ನು ಮೂತಿಯ ಕೋಣೆಗಳ ಮೂಲಕ ಮೇಲಕ್ಕೆ ಚಿಮ್ಮಿಸಿ ಮೂತಿಯನ್ನು ಅದುಮಿಟ್ಟುಕೊಳ್ಳುವ ಜಾಣ್ಮೆ ಅದು. ಒಂದು ಕ್ಷಣದಲ್ಲಿ ಎರಡು ಮೂರು ಗುಂಡು ಹಾರಿಸುವವರಿಗೆ ಮೂತಿ ಬೇಗ ಕೆಳಗಿಳಿಯುವುದೇ ಗೆಲುವು. ಅಲ್ಲಿಯೂ ತೋಟಾವನ್ನೇ ರಂಧ್ರಕ್ಕೆ ಹೊಂದಿಸಿರುತ್ತಾರೆಂಬುದನ್ನು ಮರೆಯಬಾರದು. ಸಾಮಾನ್ಯ ತೋಟಾ ಹಾಕಿ ಅದೇ ಫಲ ಬಯಸಿದರೆ ದೊರೆಯುವುದು ಸದ್ದು ಮಾತ್ರ.

ಸದ್ದಿನ ಮಾತು ಬಂದುದರಿಂದ ಅದನ್ನೂ ಹೇಳಿಬಿಡುತ್ತೇನೆ. ಮುಂದಕ್ಕೆ ಹೋಗಬೇಕಾದ ಸ್ಫೋಟದ ಒಂದಂಶ ರಂಧ್ರದಿಂದ ಮೇಲಕ್ಕೂ ಪಕ್ಕಕ್ಕೂ ಹರಡುತ್ತದೆ. ಹಾರಿಸುವವರಿಗೂ ಪಕ್ಕದ ಅಂಕಣದಲ್ಲಿ ನಿಂತವರಿಗೂ ಸದ್ದು ಹೆಚ್ಚುತ್ತದೆ. ಬಂದೂಕಿನ ಸದ್ದು ಕಿವಿಗೆ ಅಪಾಯವೆಂದು ಗುರುತಿಸಿರುವ 140 ಡೆಸಿಬೆಲ್ ಮಿತಿಯನ್ನು ಮೊದಲೇ ದಾಟಿರುವಂಥದು. ಮಬ್ಬುಬೆಳಕಿನಲ್ಲಿ ರಂಧ್ರದ ಕಿಡಿ ನೇರವಾಗಿ ದೃಷ್ಟಿರೇಖೆಯಲ್ಲೇ ಏಳುತ್ತದೆ. .22ರ ಗುಂಡು ಮೆದು ಸೀಸದ್ದಾದುದರಿಂದ ರಂಧ್ರದ ಅಂಚು ಅದನ್ನು ಕೆರೆದು ಸೀಸದ ಪುಡಿ ಮತ್ತು ಮಸಿ ಅಲ್ಲಿ ಕಟ್ಟಿಕೊಳ್ಳುತ್ತವೆ. ಮುಂದಿನ ದೃಷ್ಟಿಗೂಟಕ್ಕೂ ಮಸಿ ಹಿಡಿಯುತ್ತದೆ. ಒರಸುವ ಕೆಲಸ ಇಮ್ಮಡಿಯಾಗುತ್ತದೆ.

ಕೊರೆಯುವ ವಿಧಾನದ ವಿಚಾರದಲ್ಲಿ ನಮ್ಮ ಪೀಣ್ಯದ ಹುಡುಗಿಗೆ ನನಗಿಂತ ಹೆಚ್ಚು ತಿಳಿದಿತ್ತು. ಸಾಧಾರಣ ಡ್ರಿಲ್ಲಿನಿಂದ ರಂಧ್ರ ತೆಗೆದರೆ ಒಳಮೈಯಲ್ಲಿ ಬರ್ ಏಳುತ್ತದೆ; ಆ ಮುಳ್ಳು ಸಾಗುವ ಗುಂಡನ್ನು ಗೀರಿ ಅದರ ನೇರವನ್ನೇ ಕೆಡಿಸುತ್ತದೆ. ಆದ್ದರಿಂದಲೇ ಅಮೆರಿಕದ ಮಿಷಿಗನ್ನಿನ ಲ್ಯಾರಿ ಕೆಲ್ಲಿ ಎಂಬುವರು ವಿದ್ಯುತ್ ಕಿಡಿಯಿಂದ ಲೋಹವನ್ನು ಸವೆಸುವ ವಿಧಾನದಲ್ಲಿ ನಳಿಗೆಗೆ ಕಿಂಡಿ ತೆಗೆಯುವುದನ್ನು ರೂಢಿಗೆ ತಂದು, ‘ಮ್ಯಾಗ್ನಾಪೋರ್ಟ್’ ಎಂಬ ಹೆಸರಿನಲ್ಲಿ ವ್ಯಾಪಾರ ಮಾಡಿದರು. ಆ ವಿಧಾನವನ್ನು 1943ರಲ್ಲಿ ರೂಪಿಸಿದವರು ಸೋವಿಯತ್ ದೇಶದ ಲಜರೆಂಕೊ ದಂಪತಿಗಳು. ಎಣ್ಣೆಯಲ್ಲಿ ಮುಳುಗಿಸಿದ ಉಕ್ಕಿಗೆ ತಾಮ್ರದ ಎಲೆಕ್ಟ್ರೋಡನ್ನು ಮುಟ್ಟಿಯೂ ಮುಟ್ಟದಂತೆ ಹಿಡಿದು ಕಿಡಿಗಳಿಂದ ಕಣಕಣವಾಗಿ ಲೋಹವನ್ನು ಕೀಳುವ ಈ ಸ್ಪಾರ್ಕ್ ಯಂತ್ರ ಇಂದು ಪೀಣ್ಯದ ಬೀದಿಬೀದಿಗಳಲ್ಲಿದೆ. ಪ್ಲಾಸ್ಟಿಕ್ ಬಕೆಟ್ಟಿನ ಅಚ್ಚಿನಿಂದ ಮೊದಲ್ಗೊಂಡು ವಿಮಾನದ ಬಿಡಿಭಾಗದವರೆಗೆ ಅದರಲ್ಲಿ ಆಗದ ಕೆಲಸವಿಲ್ಲ. ಅವಳ ಕೈಗೆ ಈ ಕಿಂಡಿಗಳು ಕಠಿಣವೇ ಆಗಿರಲಿಲ್ಲ. ನನಗೆ ಅಂಜಿಕೆ ಹುಟ್ಟಿಸಿದ್ದು ಅದೇ. ಕೈಗೆ ಸುಲಭವಾದ ಕೆಲಸ ಕಾನೂನಿಗೂ ಸುಲಭವೆಂದು ತಿಳಿಯುವ ವಯಸ್ಸು ಅದು.

1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೆಯ ಪ್ರಕರಣ ಹೇಳುವುದು ಸ್ಪಷ್ಟವಾಗಿದೆ: ಬಂದೂಕನ್ನು ತಯಾರಿಸುವುದಕ್ಕೆ ಮಾತ್ರವಲ್ಲ, ಪರಿವರ್ತಿಸುವುದಕ್ಕೆ, ದುರಸ್ತಿ ಮಾಡುವುದಕ್ಕೆ, ಪರೀಕ್ಷಿಸುವುದಕ್ಕೆ ಸಹ ಪ್ರತ್ಯೇಕ ಪರವಾನಗಿ ಬೇಕು. ಪಿಸ್ತೂಲನ್ನು ಇಟ್ಟುಕೊಳ್ಳುವ ಪರವಾನಗಿ ಅದಕ್ಕೆ ಸಾಲದು. 2019ರ ತಿದ್ದುಪಡಿಯ ನಂತರ 25ನೆಯ ಪ್ರಕರಣದಡಿ ಈ ಅಪರಾಧಕ್ಕೆ ಕನಿಷ್ಠ ಏಳು ವರ್ಷಗಳ ಸೆರೆವಾಸ, ಗರಿಷ್ಠ ಜೀವಾವಧಿ. ಇದನ್ನು ನಾನು ಓದಿ ಹೇಳಿದಾಗ ಹುಡುಗಿಯ ಮುಖ ಬಾಡಿತು. “ನನ್ನ ಪಿಸ್ತೂಲು, ನನ್ನ ಭಾನುವಾರ ಅಂದುಕೊಂಡಿದ್ದೆ ಸಾರ್” ಎಂದಳು. ಯಂತ್ರ ಅವಳದಲ್ಲ, ಆ ಶಾಪಿನ ಮಾಲೀಕರೂ, ಅವರನ್ನು ನಂಬಿದ ಹನ್ನೆರಡು ಮಂದಿಯೂ ಒಂದು ಭಾನುವಾರದ ಕುತೂಹಲಕ್ಕೆ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಬೇಕಾಗುತ್ತಿತ್ತು. ತಾಯಿಯ ಒಡವೆ ಅಡವಿನಲ್ಲಿರುವಾಗ ಪಿಸ್ತೂಲು ಜಪ್ತಿಯಾದರೆ ಆ ಮನೆಯ ಗತಿಯೇನೆಂಬುದನ್ನು ಬರೆಯಬೇಕಾಗಿಲ್ಲ.

ಕಾನೂನನ್ನು ಬದಿಗಿಟ್ಟರೂ ಆಟದ ನಿಯಮವೇ ಬಾಗಿಲು ಮುಚ್ಚಿತ್ತು. ಅಂತಾರಾಷ್ಟ್ರೀಯ ಗುರಿಕ್ರೀಡಾ ಒಕ್ಕೂಟದ ನಿಯಮದಂತೆ 25 ಮೀಟರ್ ಪಿಸ್ತೂಲು 5.6 ಮಿ.ಮೀ. ಬೋರಿನದಾಗಿರಬೇಕು, 1400 ಗ್ರಾಂ ಮೀರಬಾರದು, ನಳಿಗೆ 153 ಮಿ.ಮೀ. ಮೀರಬಾರದು, ಮೂತಿತಡೆಯಾಗಲಿ ರಂಧ್ರ ತೆಗೆದ ನಳಿಗೆಯಾಗಲಿ ಇರಕೂಡದು. ಹಿಂದೆ ಹೀಗಿರಲಿಲ್ಲ. ಪುರುಷರ ರ್‍ಯಾಪಿಡ್ ಫೈರ್ ಸ್ಪರ್ಧೆಯಲ್ಲಿ .22 ಶಾರ್ಟ್ ಎಂಬ ಚಿಕ್ಕ ತೋಟಾ ಬಳಸುತ್ತಿದ್ದ ಕಾಲದಲ್ಲಿ ನಳಿಗೆಯ ಮೇಲೆ ಸಾಲುರಂಧ್ರಗಳಿದ್ದ ಪಿಸ್ತೂಲುಗಳು ಸಾಮಾನ್ಯವಾಗಿದ್ದವು. 2004ರ ಅಥೆನ್ಸ್ ಒಲಿಂಪಿಕ್ಸ್ ಮುಗಿದ ಮೇಲೆ, 2005ರಿಂದ ಆ ತೋಟಾವೂ ಆ ರಂಧ್ರಗಳೂ ಸ್ಪರ್ಧೆಯಿಂದ ಹೊರಬಿದ್ದವು. ನಮ್ಮ ಸೈನ್ಯದ ವಿಜಯ ಕುಮಾರ್ 2012ರಲ್ಲಿ ಲಂಡನ್ನಿನಲ್ಲಿ ಇದೇ ಸ್ಪರ್ಧೆಯಲ್ಲಿ ಬೆಳ್ಳಿಯ ಪದಕ ಗೆದ್ದುದು ಈ ಹೊಸ ನಿಯಮದ ಅಡಿಯಲ್ಲಿ: ನಾಲ್ಕು ಸೆಕೆಂಡುಗಳಲ್ಲಿ ಐದು ಗುರಿಗಳಿಗೆ ಐದು ಗುಂಡು, ನಳಿಗೆಯಲ್ಲಿ ಒಂದೂ ರಂಧ್ರವಿಲ್ಲದೆ.

10 ಮೀಟರ್ ಏರ್ ಪಿಸ್ತೂಲಿನ ವಿಷಯ ಬೇರೆ. ನಮ್ಮ ಬೆಂಗಳೂರಿನವರೇ ಆದ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದುದು ಆ ಸ್ಪರ್ಧೆಯಲ್ಲಿ. ಅದರಲ್ಲಿ ಮದ್ದಿಲ್ಲ, ಒತ್ತಿಟ್ಟ ಗಾಳಿ ಮಾತ್ರ. ಅಲ್ಲಿ ನಳಿಗೆಯ ರಂಧ್ರಕ್ಕೆ ನಿಯಮದ ಅಡ್ಡಿಯಿಲ್ಲ. ಹೊರಬೀಳುವ ಗುಂಡಿನ ಬೆನ್ನಿಗೆ ಗಾಳಿಯ ಅಲೆ ಬಡಿಯದಂತೆ ನೋಡಿಕೊಳ್ಳುವುದೂ ಆ ರಂಧ್ರಗಳ ಉದ್ದೇಶ. ಅದನ್ನು ಕಂಡವರು ಮದ್ದಿನ ಪಿಸ್ತೂಲಿಗೂ ಹಾಗೆಯೇ ಇರಲಿ ಎಂದುಕೊಂಡರೆ ಆಶ್ಚರ್ಯವಿಲ್ಲ. ನಮ್ಮ ವಿದ್ಯಾರ್ಥಿನಿಗೆ ಸಲಹೆ ಕೊಟ್ಟವರೂ ಅಂಥವರೇ ಇರಬೇಕು.

ಇಷ್ಟನ್ನೂ ಹೇಳಿ ನಾನು ಕೇಳಿದ ಪ್ರಶ್ನೆ ಒಂದೇ: “ನಿನ್ನ ಸ್ಪರ್ಧೆಯಲ್ಲಿ ಒಂದು ಗುಂಡಿಗೂ ಇನ್ನೊಂದಕ್ಕೂ ನಡುವೆ ಎಷ್ಟು ಸಮಯವಮ್ಮ?” ಮಹಿಳೆಯರ 25 ಮೀಟರ್ ಸ್ಪರ್ಧೆಯಲ್ಲಿ ಮೊದಲ ಮೂವತ್ತು ಗುಂಡುಗಳನ್ನು ಸಾವಕಾಶವಾಗಿ ಹಾರಿಸಬಹುದು. ಉಳಿದ ಮೂವತ್ತರಲ್ಲಿ ಗುರಿ ಮೂರು ಸೆಕೆಂಡು ತೋರಿ ಏಳು ಸೆಕೆಂಡು ಮರೆಯಾಗುತ್ತದೆ. ಪ್ರತಿಯೊಂದು ಗುಂಡಿನ ಬಳಿಕ ಕೈಯನ್ನು 45 ಡಿಗ್ರಿ ಕೆಳಗಿಳಿಸಿ ಕಾಯಬೇಕು. ಎಂದರೆ ಮೂತಿ ಎಷ್ಟು ಮೇಲೆದ್ದರೂ ಹೇಗೂ ಇಳಿಸಲೇಬೇಕಾದ ಕೈ ಅದು! ಒದೆತದಿಂದ ಬೇಗ ಚೇತರಿಸಿಕೊಳ್ಳುವ ಅವಸರವೇ ಆ ಸ್ಪರ್ಧೆಯಲ್ಲಿ ಇಲ್ಲ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದನ್ನು ನಾನೇ ಯೋಚಿಸಬೇಕಿತ್ತು” ಎಂದಳು.

ಹಾಗಾದರೆ ಅಂಕಗಳು ಬೀಳುತ್ತಿದ್ದುದು ಏಕೆ? ನಾನು ಗುರಿಕ್ರೀಡೆಯ ತರಬೇತುದಾರನಲ್ಲ. ಆದರೆ ಎನ್.ಸಿ.ಸಿ. ಅಧಿಕಾರಿಯಾಗಿ ಹಲವು ವರ್ಷ ಮಕ್ಕಳನ್ನು .22 ರೈಫಲಿನ ಮುಂದೆ ಮಲಗಿಸಿದ್ದೇನೆ. ಸದ್ದಿಗೆ ಅಂಜುವ ಹುಡುಗ ಕುದುರೆ ಎಳೆಯುವ ಮೊದಲೇ ಕಣ್ಣು ಮುಚ್ಚಿ ಭುಜ ಕುಗ್ಗಿಸುತ್ತಾನೆ. ಗುಂಡು ಎಲ್ಲಿಗೋ ಹೋಗುತ್ತದೆ, ಒದೆತಕ್ಕೆ ದೂರು ಬರುತ್ತದೆ. ಗುಂಡು ನಳಿಗೆಯನ್ನು ಬಿಟ್ಟು ಹೊರಡಲು ತೆಗೆದುಕೊಳ್ಳುವ ಕಾಲ ಸೆಕೆಂಡಿನ ಸಾವಿರದಲ್ಲಿ ಒಂದೆರಡು ಭಾಗ. ಆ ಅವಧಿಯಲ್ಲಿ ಒದೆತವು ಕೈಯನ್ನು ಅಲುಗಿಸುವುದು ಅತ್ಯಲ್ಪ, ಅದೂ ಪ್ರತಿ ಸಲ ಒಂದೇ ತೆರನಾಗಿ. ಬರಲಿರುವ ಒದೆತವನ್ನು ನೆನೆದು ಕೈ ತಾನಾಗಿ ಮಾಡುವ ಚಲನೆಯೇ ಗುರಿಯನ್ನು ಕೆಡಿಸುವುದು. ಅವಳ ಕಾಗದದ ಗುರಿಗಳನ್ನು ತರಿಸಿ ನೋಡಿದೆ. ತೂತುಗಳು ಎಡಕ್ಕೆ, ಕೆಳಕ್ಕೆ ಚೆಲ್ಲಿದ್ದವು. ಬಲಗೈಯವರು ಮುಂಚೆಯೇ ಮಣಿಕಟ್ಟನ್ನು ಬಿಗಿದು ಒತ್ತಿದರೆ ಗುಂಡು ಹೋಗಿ ಬೀಳುವ ಮೂಲೆ ಅದೇ. ನಿಜವಾದ ಒದೆತ ಮೂತಿಯನ್ನು ಎತ್ತುವುದು ಮೇಲಕ್ಕೆ, ತೂತುಗಳಿದ್ದುದು ಕೆಳಗೆ.

ಅವಳ ತರಬೇತುದಾರರಿಗೆ ಇದನ್ನು ತಿಳಿಸುವಂತೆ ಹೇಳಿದೆ. ಅವರು ಹಳೆಯ ಪರೀಕ್ಷೆಯೊಂದನ್ನು ಮಾಡಿದರು: ನಿಜವಾದ ತೋಟಾಗಳ ನಡುವೆ ಅವಳಿಗೆ ತಿಳಿಯದಂತೆ ಹುಸಿ ತೋಟಾಗಳನ್ನು ಸೇರಿಸಿ ಕೊಟ್ಟರು. ಹುಸಿ ತೋಟಾ ಬಂದಾಗ ಸದ್ದೂ ಇಲ್ಲ, ಒದೆತವೂ ಇಲ್ಲ. ಆದರೂ ಮೂತಿ ಕೆಳಕ್ಕೆ ಕುಗ್ಗಿತು. ಅವಳೇ ಅದನ್ನು ಕಣ್ಣಾರೆ ಕಂಡಳು. ಆಮೇಲಿನ ಆರು ವಾರ ತೋಟಾ ಇಲ್ಲದ ಅಭ್ಯಾಸವೇ ಹೆಚ್ಚು. ಮರದ ಹಿಡಿಯನ್ನು ಅರದಿಂದ ತಿದ್ದಿ ಅಂಗೈಗೆ ಹೊಂದಿಸಿಕೊಂಡಳು. ಹಣ ಖರ್ಚಾಗಲಿಲ್ಲ. ರಾಜ್ಯ ಸ್ಪರ್ಧೆಯಲ್ಲಿ ಪದಕ ಬಂತೆಂದು ಬರೆಯಲು ನನಗೂ ಆಸೆಯೇ, ಬರಲಿಲ್ಲ. ಆದರೆ ಹಿಂದಿನ ವರ್ಷಕ್ಕಿಂತ ಅಂಕಗಳು ಏರಿದವು, ಮರುವರ್ಷ ಅಡವಿನ ಒಡವೆಯೂ ಮನೆಗೆ ಬಂತು.

ಅವಳ ಸ್ಪಾರ್ಕ್ ಯಂತ್ರದ ಆಸೆ ಮಾತ್ರ ಬೇರೊಂದು ರೂಪದಲ್ಲಿ ಈಡೇರಿತು. ಮಾಲೀಕರ ಒಪ್ಪಿಗೆ ಪಡೆದು ಅವಳು ಒಂದು ಮೊಳ ಉದ್ದದ ಸಾಧಾರಣ ಉಕ್ಕಿನ ಕೊಳವೆಗೆ ಮೇಲ್ಗಡೆ ನಾಲ್ಕು ಕಿಂಡಿ ತೆಗೆದು, ಅವುಗಳನ್ನು ಮುಚ್ಚಿ ತೆರೆಯಲು ಒಂದು ಹಿತ್ತಾಳೆಯ ಬಳೆ ಕೂರಿಸಿ ನಮ್ಮ ಶಾಲೆಯ ಪ್ರಯೋಗಶಾಲೆಗೆ ಕೊಟ್ಟಿದ್ದಾಳೆ. ಕೊಳವೆಯನ್ನು ಎರಡು ದಾರಗಳಿಂದ ಉಯ್ಯಾಲೆಯಂತೆ ತೂಗುಹಾಕಿ, ಮೆತ್ತನೆಯ ರಬ್ಬರು ನಳಿಕೆಯಿಂದ ಸೈಕಲ್ ಅಂಗಡಿಯ ಚಿಕ್ಕ ಕಂಪ್ರೆಸರಿನ ಗಾಳಿಯನ್ನು ಬಿಡುತ್ತೇವೆ. ಕಿಂಡಿ ಮುಚ್ಚಿದ್ದರೆ ಕೊಳವೆ ಹಿಂದಕ್ಕೆ ತೂಗುತ್ತದೆ. ಕಿಂಡಿ ತೆರೆದರೆ ಹಿಂದಕ್ಕೆ ಹೋಗುವುದು ಕಡಿಮೆಯಾಗಿ ಮೂತಿ ಕೆಳಕ್ಕೆ ಬಾಗುತ್ತದೆ. ಟಿಪ್ಪುವಿನ ಕಾಲದ ಮೈಸೂರು ರಾಕೆಟ್ಟು ಹಾರಿದ್ದೂ ಇದೇ ತತ್ತ್ವದಿಂದ. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದ ಹಾಳು ಬಾವಿಯಲ್ಲಿ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ದೊರೆತ ಸುದ್ದಿಯನ್ನು ಈ ಪಾಠದೊಡನೆ ಮಕ್ಕಳಿಗೆ ಹೇಳುವುದುಂಟು.

ಮೊದಲ ಸಲ ಇದನ್ನು ತೋರಿಸಿದ ದಿನ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಎದ್ದು ನಿಂತು, “ಸಾರ್, ಇಲ್ಲಿ ಕಿಂಡಿ ತೆರೆದರೆ ಇಷ್ಟು ಚೆನ್ನಾಗಿ ಕೆಲಸ ಮಾಡುತ್ತದಲ್ಲ, ಅಕ್ಕನ ಪಿಸ್ತೂಲಿನಲ್ಲಿ ಏಕೆ ಮಾಡುವುದಿಲ್ಲ?” ಎಂದು ಕೇಳಿದ. ಅವಳು ಹಿಂದಿನ ಬೆಂಚಿನಲ್ಲಿ ಕುಳಿತಿದ್ದಳು. ನಾನು ಉತ್ತರಿಸುವ ಮೊದಲೇ ಎದ್ದು ಬಂದು, ಕೊಳವೆಯ ಬಾಯಿಯಿಂದ ಬರುತ್ತಿದ್ದ ಗಾಳಿಗೆ ಅಂಗೈಯನ್ನು ಒಡ್ಡಿ ಹೇಳಿದಳು: “ಇದರೊಳಗೆ ಗುಂಡು ಇಲ್ಲವಲ್ಲಪ್ಪ, ಬರೀ ಗಾಳಿ.”